ಒಳಗೆಳೆದ ಹೂಂ

ಮೊದಲ ಚಳಿಗಾಲ ನಾನಂದುಕೊಂಡಿದ್ದೆ
ಈ ಮುದುಕನಿಗೆ ಉಬ್ಬಸ.
ಏನು ಕೇಳಿದರೂ ತುಟಿ ಚೂಪು ಮಾಡಿ
ಸುಯ್ಯೆಂದು ಗಾಳಿ ಒಳಗೆಳೆಯುತ್ತಿದ್ದ.
ಕಾಫಿ ಹಾಕಲಾ, ಟಾರ್ಗ್ನಿ? ಸುಯ್.
ರಾತ್ರಿ ಮತ್ತೆ ಹಿಮ ಬೀಳುತ್ತಾ? ಸುಯ್.
ನಾನು ದಕ್ಷಿಣದವಳು, ಮಾಲ್ಮೊ ಕಡೆ.
ನಮ್ಮಲ್ಲಿ ಹೌದು ಅನ್ನುವುದು ಬಾಯಿಂದ ಹೊರಗೆ ಬರುತ್ತದೆ;
ಇಲ್ಲಿ, ಉಮಿಯೊ ದಾಟಿದ ಮೇಲೆ, ಒಳಗೆ ಹೋಗುತ್ತದೆ.
ಅಂಗಡಿಯ ಹುಡುಗಿ ನಕ್ಕು ಹೇಳಿದಳು:
ಅದೇ ಕಣೇ ಅವರ ಹೂಂ.

ಕಾರು ನನ್ನದು. ಅರವತ್ತೇಳರ ವೋಲ್ವೊ, ಎರಡೇ ಬಾಗಿಲು,
ಹಿಂಬದಿಗೆ ಮೀನಿನ ರೆಕ್ಕೆ,
ಹುಲ್ಲಿನ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ
ಇಲಿಗಳ ಬಾಣಂತಿಕೋಣೆ.
ಮೈ ಓಟಗಾರನದು, ಎಂಜಿನ್ನು ಮಾತ್ರ
ಟ್ರ್ಯಾಕ್ಟರಿನಷ್ಟು ಸಾಧು.

ಟರ್ಬೊ ಅವನದು.
ಒದೆಬಂಡಿಯ ಮೇಲೆ, ಹಳೇ ಸ್ವೆಟರಿನಲ್ಲಿ ಸುತ್ತಿ ತಂದ:
ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಸವನಹುಳು,
ನಡುವೆ ಪೆನ್ಸಿಲ್ಲಿನಷ್ಟು ದಪ್ಪದ ಕಡ್ಡಿ.
'ಸಾಬ್‌ದು' ಅಂದ.
ಅಂದರೆ ದಾಯಾದಿಯ ಶ್ವಾಸಕೋಶ ತಂದು
ನನ್ನ ವೋಲ್ವೊದ ಎದೆಗೆ.
ಯಾವ ಸಾಬ್? ಎಂದೆ.
ಒಳಕ್ಕೂ ಎಳೆಯಲಿಲ್ಲ, ಹೊರಕ್ಕೂ ಬಿಡಲಿಲ್ಲ.
ಹದಿಮೂರರ ಸ್ಪ್ಯಾನರು ಹುಡುಕಿದ.
ಅದು ನವೆಂಬರು.

ತುರುಕುವ ಮೊದಲು ಜಾಗ ಮಾಡಬೇಕು.
ಶಾಲೆಯ ಲೇತಿನಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ,
ನಾಲ್ಕೂ ಪಿಸ್ಟನ್ನಿನ ನೆತ್ತಿ ಹಣತೆಯಷ್ಟು ತಗ್ಗಿಸಿದೆ.
ರಿಂಗಿನ ತುದಿಗೂ ತುದಿಗೂ ನಡುವೆ
ಒಂದಿಷ್ಟು ಸಂದು: ಕಾದರೆ ಕಬ್ಬಿಣವೂ ಬೆಳೆಯುತ್ತದೆ,
ಬೆಳೆಯಲು ಬಿಡದಿದ್ದರೆ ಗೋಡೆಯನ್ನೇ ಕೆರೆಯುತ್ತದೆ.
ಅವನು ಹಬೆಪೈಪಿನ ಮೊಣಕೈಗಳನ್ನು ಬೆಸೆದ.
ಬಿರುಕು. ಮತ್ತೆ ಬೆಸೆದ. ಬಿರುಕು.
ಮೂರನೆಯದನ್ನು ಕೆಂಪಗಿರುವಾಗಲೇ
ಒಲೆಯ ಬೂದಿಯಲ್ಲಿ ಹೂತು, ಪಕ್ಕದಲ್ಲೇ ಕೂತ ಬೆಳಗಿನವರೆಗೆ,
ಇಲ್ಲಿ ಬೆಳಗೆಂದರೆ ಹತ್ತೂವರೆ.

ಕಮ್ಮಾರನ ತಿದಿಗೆ ಒಬ್ಬ ಒತ್ತುವವನು ಬೇಕು.
ಇದಕ್ಕೆ ಬೇಡ.
ಎಂಜಿನ್ನು ಬೇಡವೆಂದು ಬಿಟ್ಟ ಉಸಿರೇ
ಚಕ್ರ ತಿರುಗಿಸಿ ಮುಂದಿನ ಉಸಿರನ್ನು ಒಳಗೆ ನೂಕುತ್ತದೆ.
ಎಂಜಲುಗೈಯೇ ಬಡಿಸುವ ಕೈ.
ಆದರೆ ತಡ ಮಾಡುತ್ತದೆ. ಕಾಲು ಒತ್ತಿದ ಕೂಡಲೇ ಏನೂ ಇಲ್ಲ.
ಕೇಳಿಸಿತೋ ಇಲ್ಲವೋ ಎಂಬಂಥ ಮೌನ.

ಮೇ ತಿಂಗಳು. ಹಳ್ಳಗಳಲ್ಲಿ ಹಿಮದ ನೀರು.
ಮೊದಲ ಸಲ ಹೋಸು ಕಳಚಿ ಕಾರು ಸೀನಿತು,
ನಾವಿಬ್ಬರೂ ರಸ್ತೆಬದಿ ನಗುತ್ತ ಕ್ಲಿಪ್ಪು ಹುಡುಕಿದೆವು.
ಎರಡನೆಯ ಸಲ, ಗಿರಣಿ ದಾಟಿದ ನೇರದಲ್ಲಿ
ಮೂರನೇ ಗೇರು. ಕಾಲು ಒತ್ತಿದೆ.
ಒಂದು.
ಎರಡು.
ಆಮೇಲೆ ಬರ್ಚ್ ಮರಗಳೆಲ್ಲ ಒಂದೇ ಬಿಳಿ ಗೋಡೆ,
ಹುಡ್ಡಿನ ಕೆಳಗೊಂದು ಉದ್ದನೆಯ ಸುಯ್ಯ್ಯ್,
ನನ್ನ ತಲೆ ಸೀಟಿಗೆ,
ಟಾರ್ಗ್ನಿಯ ಟೋಪಿ ಹಿಂದಿನ ಗಾಜಿಗೆ.

ಮನೆ ಮುಂದೆ ಬಂದೊಡನೆ ಆರಿಸಬಾರದು.
ಕೆಂಪಗೆ ಕಾದ ಕಡ್ಡಿಯ ಮೇಲೆ ಎಣ್ಣೆ ಹರಿಯುತ್ತಿರಬೇಕು,
ಎರಡು ನಿಮಿಷ, ಇಲ್ಲದಿದ್ದರೆ ಸುಟ್ಟು ಕರಿ ಕಟ್ಟುತ್ತದೆ.
ಆ ಎರಡು ನಿಮಿಷದಲ್ಲಿ ಅವನೆಂದ:
'ನಂದೇ ಸಾಬ್ ಅದು. ಲಿಕ್ಸೆಲೆ ರಸ್ತೆ.
ಎಲ್ಕ್ ಅಡ್ಡ ಬಂತು, ಮರಿಯೂ ಇತ್ತು.
ಆಮೇಲೆ ಸ್ಟಿಯರಿಂಗ್ ಹಿಡಿದಿಲ್ಲ.'
ನವೆಂಬರಿನ ಪ್ರಶ್ನೆಗೆ.

ನಾನು ಇಳಿದೆ. ಬಿಸಿ ಹುಡ್ಡು ಸುತ್ತಿ
ಅವನ ಬಾಗಿಲ ಹತ್ತಿರ ನಿಂತೆ, ಎಂಜಿನ್ನು ಓಡುತ್ತಲೇ ಇತ್ತು.
ನೀನು ಓಡಿಸ್ತೀಯಾ?
ಒಂದು.
ಎರಡು.
ಮೂರೂ ಆಯಿತು, ನಾಲ್ಕೂ.
ಕೇಳಿಸಲಿಲ್ಲ ನನಗೆ, ಎಳೆದನೋ ಬಿಟ್ಟನೋ.
ಇಳಿದು ಆಚೆ ಬದಿಗೆ ಹೋದ,
ಸೀಟನ್ನು ಎರಡು ಹಲ್ಲು ಹಿಂದಕ್ಕೆ ಸರಿಸಿಕೊಂಡ.
ನನಗಿಂತ ಕಾಲುದ್ದ ಅವನು.